ದೀಪ ಹಚ್ಚುವ ಹೊತ್ತಿನ ನಡಿಗೆ

ಬೆಟ್ಟದಪುರದಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಹೊಲಕ್ಕೆ ಹೋಗುತ್ತಾರೆ, ಗಿರಣಿಗೆ ಹೋಗುತ್ತಾರೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೋಗುತ್ತಾರೆ, ಸೋಮವಾರ ಬಂದರೆ ಬೆಟ್ಟ ಹತ್ತಿ ಮಲ್ಲಿಕಾರ್ಜುನನ ಸನ್ನಿಧಿಗೆ ಹೋಗುತ್ತಾರೆ. ಹೋಗುವವರ ಕೈಯಲ್ಲಿ ಕುಡುಗೋಲೋ ಹಿಟ್ಟಿನ ಡಬ್ಬವೋ ಹಣ್ಣುಕಾಯಿಯ ಚೀಲವೋ ಇರುತ್ತದೆ. ಎದುರಿಗೆ ಬಂದವರು ಆ ಕೈಯನ್ನು ನೋಡಿ ವಿಷಯ ತಿಳಿದುಕೊಳ್ಳುತ್ತಾರೆ. ತಿಳಿದುಕೊಂಡ ಮೇಲೂ ಎತ್ತಲಾಗೆ ಎಂದು ಕೇಳುತ್ತಾರೆ. ಕೇಳದೆ ಹೋದರೆ ಮುನಿಸಿದೆ ಎಂದು ಅರ್ಥ. ಬರಿಗೈಯಲ್ಲಿ ಹೊರಟು, ಎಲ್ಲಿಗೂ ಹೋಗದೆ, ಹೋದ ದಾರಿಯಲ್ಲೇ ತಿರುಗಿ ಬರುವ ಮನುಷ್ಯರನ್ನು ಕೆಳಗಿನ ಬೀದಿ ಕಂಡಿರಲಿಲ್ಲ. ಚಿಕ್ಕಸಿದ್ದಮ್ಮನಿಗೆ ಬಿಪಿ ಇದೆ ಎಂದು ಗೊತ್ತಾಗುವ ತನಕ ಕಾಣುವ ಪ್ರಸಂಗವೂ ಬಂದಿರಲಿಲ್ಲ.

ಚಿಕ್ಕಸಿದ್ದಮ್ಮನೆಂದರೆ ದೇವರಾಜುವಿನ ಗ್ರೇಡಿಂಗ್ ಮನೆಯಲ್ಲಿ ಕಿಟಕಿ ಪಕ್ಕ ಕೂರುವವಳು. ಬ್ಯಾರನ್ನಿನಲ್ಲಿ ಬೆಂದು ಇಳಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವುದು ಅಲ್ಲಿನ ಕೆಲಸ. ನಿಂಬೆಹಣ್ಣಿನ ಬಣ್ಣದ ಎಲೆ ಒಂದು ಕಡೆ, ಕಿತ್ತಳೆ ಬಣ್ಣದ್ದು ಇನ್ನೊಂದು ಕಡೆ, ಕಂದಿದ್ದು ಬೇರೆ, ಮಚ್ಚೆ ಬಿದ್ದದ್ದು ಬೇರೆ. ಹತ್ತಾರು ಹೆಂಗಸರು ಕೂರುವ ಆ ಮನೆಗೆ ಕಿಟಕಿ ಒಂದೇ. ಆ ಬೆಳಕಿನಲ್ಲಿ ಕೂತವಳ ಮಾತೇ ಕೊನೆಯ ಮಾತು. ಅನುಮಾನ ಬಂದ ಎಲೆಯನ್ನು ಉಳಿದವರು ಅವಳತ್ತ ಚಾಚಿದರೆ, ಅವಳು ಒಮ್ಮೆ ನೋಡಿ, ಬಾಯಲ್ಲಿ ಹೇಳದೆ, ಗಲ್ಲ ಎತ್ತಿ ಗುಡ್ಡೆ ತೋರಿಸುತ್ತಿದ್ದಳು. ಆ ಗಲ್ಲದಲ್ಲಿ ಸ್ವಲ್ಪ ಜಂಬವಿತ್ತು. ಎಡಗಣ್ಣು ಹುಡುಗಿಯಾಗಿದ್ದಾಗಲೇ ಭತ್ತದ ಗರಿ ಹೊಡೆದು ಹೋಗಿತ್ತು. ಭಗವಂತ ಕೊಟ್ಟದ್ದರಲ್ಲಿ ಅರ್ಧ ಹಿಂದಕ್ಕೆ ತೆಗೆದುಕೊಂಡು, ಉಳಿದರ್ಧಕ್ಕೆ ಎರಡರ ಬಲ ತುಂಬಿದ್ದಾನೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಹೋದ ವರ್ಷದ ಕೊನೆಗೆ ಆ ಬಲಗಣ್ಣಿಗೂ ಪೊರೆ ಬಂತು. ಕಂದಿದ ಎಲೆಗಳು ಕಿತ್ತಳೆಯ ಗುಡ್ಡೆಯೊಳಗೆ ಸೇರಿದವು. ಹರಾಜಿನ ಕಟ್ಟೆಯಲ್ಲಿ ಕೊಳ್ಳುವವರು ಕಟ್ಟು ಬಿಚ್ಚಿ ತೋರಿಸಿದಾಗ ದೇವರಾಜು ತಲೆ ತಗ್ಗಿಸಬೇಕಾಯಿತು. ಅವನು ಒಳ್ಳೆಯ ಮನುಷ್ಯ, ಬೈಯಲಿಲ್ಲ. ಕೆಲಸ ಮುಗಿದ ದಿನ ಬಾಗಿಲಲ್ಲಿ ನಿಂತು, “ಕಣ್ ತೋರಿಸ್ಕೊ ಸಿದ್ದಕ್ಕ. ಮುಂದಿನ್ ವರ್ಸದ್ದು ನೋಡನ,” ಎಂದ. ಬೈದಿದ್ದರೆ ಅವಳು ಮರುದಿನ ಮರೆಯುತ್ತಿದ್ದಳು. ಆ ‘ನೋಡನ’ ಮಾತ್ರ ಎದೆಯೊಳಗೆ ಕೂತಿತು.

ಹಾಗಾಗಿ ಜ್ಯೇಷ್ಠ ಮಾಸದಲ್ಲಿ ಪಿರಿಯಾಪಟ್ಟಣದಲ್ಲಿ ಕಣ್ಣಿನ ಶಿಬಿರ ನಡೆದಾಗ ಅವಳು ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ಕೂತಳು. ಪೊರೆ ಬಲಿತಿದೆ, ತೆಗೆಯಬಹುದು ಎಂದರು. ಮೈಸೂರಿಗೆ ಕರೆದುಕೊಂಡು ಹೋಗುವ ಬಸ್ಸು ಮರದ ಕೆಳಗೆ ನಿಂತಿತ್ತು. ಅಷ್ಟರಲ್ಲಿ ಒಬ್ಬಳು ಹುಡುಗಿ ಬಂದು ತೋಳಿಗೆ ಪಟ್ಟಿ ಸುತ್ತಿ ಉಬ್ಬಿಸಿದಳು. ಮೇಲಿನ ಅಂಕಿ ಇನ್ನೂರರ ಹತ್ತಿರ ಹೋಗಿ ನಿಂತಿತು. ಇರುವುದು ಒಂದೇ ಕಣ್ಣು, ಒತ್ತಡ ಇಷ್ಟಿಟ್ಟುಕೊಂಡು ಕೈ ಹಾಕುವುದಿಲ್ಲ, ಶ್ರಾವಣದಲ್ಲಿ ಇನ್ನೊಂದು ಶಿಬಿರವಿದೆ, ಅಷ್ಟರೊಳಗೆ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಕಳಿಸಿಬಿಟ್ಟರು. ದಿನಾ ಮಾತ್ರೆ ನುಂಗಬೇಕು, ಉಪ್ಪು ಕಡಿಮೆ ಮಾಡಬೇಕು, ನಡೆಯಬೇಕು.

ಮಾತ್ರೆ ಅರ್ಥವಾಯಿತು. ಉಪ್ಪಿನ ಮಾತು ದುಃಖದಿಂದ ಅರ್ಥವಾಯಿತು. ನಡೆಯುವುದು ಮಾತ್ರ ಅರ್ಥವಾಗಲಿಲ್ಲ. ಮಗ ವೆಂಕಟೇಶನ ಗೂಡ್ಸ್ ಆಟೋದಲ್ಲಿ ಊರಿಗೆ ಬರುವಾಗ ಅವಳು ಅದನ್ನೇ ಹೇಳಿದಳು.

“ನಡ್ಕೊಂಡೇ ಮುದುಕಿ ಆದೆ ಕಣಪ್ಪ. ಆವಾಗ ನಡದ್ರೆ ಕೂಲಿನಾದ್ರೂ ಕೊಡೋರು. ಇವ್ರು ಸುಮ್ಕೆ ನಡಿ ಅಂತಾರೆ.”

ಕೂಲಿ ಇಲ್ಲದಿದ್ದರೂ ನಡೆದಳು. ಮೊದಲು ಬೆಳಗಿನ ಹೊತ್ತು ಆರಿಸಿಕೊಂಡಳು. ಸೂರ್ಯದೇವ ಹೊರಡುವ ಹೊತ್ತಿಗೆ ತಾನೂ ಹೊರಟರೆ ಜೊತೆಯಾದೀತು ಎಂದು ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದಳು. ಆದರೆ ಆ ಹೊತ್ತಿನಲ್ಲಿ ಕೆರೆ ಏರಿಯ ಮೇಲೆ ಕಾಣಿಸುವವರಿಗೆ ಊರಿನ ಲೆಕ್ಕದಲ್ಲಿ ಇದ್ದದ್ದು ಒಂದೇ ಕಾರಣ. ಮನೆಮನೆಗೆ ಶೌಚಾಲಯ ಬಂದು, ಬಯಲಿಗೆ ಯಾರೂ ಹೋಗದ ಊರು ಎಂದು ಪಂಚಾಯಿತಿಯವರು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿಸಿ ವರ್ಷಗಳಾಗಿದ್ದವು. ಹೀಗಿರುವಾಗ ಒಬ್ಬ ಹೆಂಗಸು ದಿನಾ ಕೆರೆ ಕಡೆ ಹೋಗುತ್ತಾಳೆಂದರೆ ಊರಿನ ಮಾನದ ಪ್ರಶ್ನೆ. ಟೀ ಅಂಗಡಿಯಲ್ಲಿ ವೆಂಕಟೇಶನನ್ನು ನಿಮ್ಮ ಮನೆಯ ಶೌಚಾಲಯ ಕಟ್ಟಿಕೊಂಡಿದೆಯೇ ಎಂದು ಕೇಳಿದರು. ಪಂಚಾಯಿತಿಯ ಬಿಲ್ ಕಲೆಕ್ಟರ್ ಶಶಿಕುಮಾರ್ ಖುದ್ದಾಗಿ ಬಂದು, ಶೌಚಾಲಯದ ಬಾಗಿಲು ತೆಗೆಸಿ, ನೀರು ಹುಯ್ಯಿಸಿ ನೋಡಿ, ಸರಿಯಾಗಿಯೇ ಇದೆಯಲ್ಲ ಎಂದು ಬೇಸರಪಟ್ಟುಕೊಂಡು ಹೋದ. ಕೆಡದ ಶೌಚಾಲಯವಿದ್ದೂ ಕೆರೆಗೆ ಹೋಗುವವಳ ಮೇಲೆ ಅನುಮಾನ ಇಮ್ಮಡಿಯಾಯಿತು.

ಬೇರೆ ಹೊತ್ತಿಗೆ ನಡೆದರೆ ಆಗುತ್ತದೆಯೇ ಎಂದು ವೆಂಕಟೇಶ ಆರೋಗ್ಯ ಕೇಂದ್ರಕ್ಕೆ ಹೋಗಿ ಸಂಘಮಿತ್ರಳನ್ನು ಕೇಳಿದ. ಅವಳು ಎಚ್.ಡಿ. ಕೋಟೆ ಕಡೆಯ ಹುಡುಗಿ, ನರ್ಸಿಂಗ್ ಓದಿ ಇಲ್ಲಿಗೆ ಬಂದವಳು, ಯಾವ ಮಾತನ್ನೂ ಅಳತೆ ಮೀರಿ ಹೇಳುವವಳಲ್ಲ. ಬಿಪಿ ಇರುವವರು ಸಂಜೆ ನಡೆದರೆ ಬೆಳಿಗ್ಗೆ ನಡೆದದ್ದಕ್ಕಿಂತ ತುಸು ಹೆಚ್ಚು ಇಳಿಯಬಹುದು ಎಂದು ಕೆಲವು ಕಡೆ ಪರೀಕ್ಷೆ ಮಾಡಿ ನೋಡಿದ್ದಾರೆ, ಎಲ್ಲರೂ ಅದನ್ನು ಒಪ್ಪಿಲ್ಲ, ಯಾವ ಹೊತ್ತಿಗೆ ನಡೆದರೂ ಒಳ್ಳೆಯದೇ, ಮಾತ್ರೆಯನ್ನು ಮಾತ್ರ ಬಿಡಬಾರದು ಎಂದಳು. ಈ ಮಾತು ಆರೋಗ್ಯ ಕೇಂದ್ರದಿಂದ ಕೆಳಗಿನ ಬೀದಿಗೆ ಬರುವಷ್ಟರಲ್ಲಿ ಅದರ ‘ಬಹುದು’ಗಳೆಲ್ಲ ಉದುರಿಹೋಗಿದ್ದವು. ಬೆಳಿಗ್ಗೆ ನಡೆದರೆ ಬಿಪಿ ಏರುತ್ತದೆ, ಸಂಜೆ ನಡೆದರೆ ಇಳಿಯುತ್ತದೆ ಎಂದು ವೆಂಕಟೇಶ ಮನೆಯಲ್ಲಿ ಸಾರಿದ. ಮೇಲಿನ ಬೀದಿಯಲ್ಲಿ ವರ್ಷಗಳಿಂದ ಬೆಳಗಾಗೆದ್ದು ನಡೆಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಕೇಳಿ, ಇಷ್ಟು ವರ್ಷ ಎಷ್ಟು ಏರಿಸಿಕೊಂಡೆನೋ ಎಂದು ಹೆದರಿ ಹಾಸಿಗೆಯಲ್ಲೇ ಉಳಿದರು.

ಸಂಜೆಯೆಂದರೆ ಚಿಕ್ಕಸಿದ್ದಮ್ಮನಿಗೆ ಹಸು ಕರೆದು, ಹಾಲು ಡೈರಿಗೆ ಹಾಕಿ ಬಂದ ಮೇಲಿನ ಹೊತ್ತು. ಡೈರಿ ಮನೆಯಿಂದ ಮೂರನೆಯ ಬಾಗಿಲು. ಅದನ್ನು ನಡಿಗೆ ಎನ್ನುವ ಹಾಗಿರಲಿಲ್ಲ. ಹೊತ್ತು ಮುಳುಗಿ, ಸೊಸೆ ಲಕ್ಷ್ಮಿದೇವಿ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುವಾಗ, ಇವಳು ಸೆರಗು ತಲೆಗೆ ಹೊದ್ದು ಹೊಸ್ತಿಲು ದಾಟಿ ಹೊರಟಳು.

ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಹಿರಿಯಳು ಹೊಸ್ತಿಲು ದಾಟುವುದಿಲ್ಲ. ಆ ಹೊತ್ತಿನಲ್ಲಿ ತಾಯಿ ಒಳಗೆ ಬರುತ್ತಾಳೆ. ಬರುವವಳಿಗೆ ಎದುರಾಗಿ ಹೊರಗೆ ಹೋಗುವವರು ಯಾರು? ಗಂಡನ ಹತ್ತಿರ ಏಟು ತಿಂದವರು, ಇಲ್ಲವೇ ಸೊಸೆಯ ಹತ್ತಿರ ಮಾತು ತಿಂದವರು. ಬರಿಗೈ, ತಲೆಯ ಮೇಲೆ ಸೆರಗು, ತಗ್ಗಿಸಿದ ಮುಖ. ಮುಖ ತಗ್ಗಿಸಿದ್ದು ದಾರಿಯ ಕಲ್ಲು ಕಾಣದೆ ಎಂದು ಯಾರಿಗೂ ಹೊಳೆಯಲಿಲ್ಲ. ಮೊದಲ ದಿನವೇ ಸಣ್ಣತಾಯಮ್ಮ ತನ್ನ ಜಗಲಿಯಿಂದ ಇಳಿದು ಬಂದು ಅವಳ ಕೈ ಹಿಡಿದಳು.

“ಬಾ ಸಿದ್ದಕ್ಕ, ಕೂತ್ಕೊ.”

“ಇಲ್ಲ ಕಣವ್ವ, ವಾಕಿಂಗು.”

“ವಾಕಿಂಗು ಅಂದ್ರೇನು ಅಂತ ನಂಗೊತ್ತಿಲ್ವಾ. ನಾನೂ ಸೊಸೆ ತಂದೋಳೇಯ.”

ಕಾಫಿ ಬಂತು. ಕಾಫಿಯ ಜೊತೆ ಕರಿದ ಹಪ್ಪಳ ಬಂತು. ಚಿಕ್ಕಸಿದ್ದಮ್ಮ ಡಾಕ್ಟರು, ಪೊರೆ, ಶ್ರಾವಣದ ಶಿಬಿರ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಣ್ಣತಾಯಮ್ಮ ತಲೆದೂಗಿ ಕೇಳಿ, ಎಂಥ ಮರ್ಯಾದಸ್ಥೆ, ಒಂದು ಮಾತು ಮನೆಯದು ಹೊರಗೆ ಬಿಡುವುದಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡಳು. ಮರುದಿನ ಮುಂದಿನ ಮನೆಯವರು ಕೈ ಹಿಡಿದರು, ಅದರ ಮರುದಿನ ಅದರಾಚೆಯವರು. ಒಂದೊಂದು ಜಗಲಿಯಲ್ಲೂ ಕಾಫಿ, ಚಕ್ಕುಲಿ, ಮಾವಿನಕಾಯಿ ಉಪ್ಪಿನಕಾಯಿ ನಂಚಿಕೊಂಡು ಒಂದು ಹಿಡಿ ಅವಲಕ್ಕಿ. ಅವಳ ಸಂಜೆಯ ನಡಿಗೆ ಬೀದಿಯ ಈ ತುದಿಯಿಂದ ಆ ತುದಿ ಮುಟ್ಟಲು ವಾರ ಹಿಡಿಯಿತು, ಅಷ್ಟು ಜಗಲಿಗಳಿದ್ದವು.

ಬದುಕಿನಲ್ಲಿ ಯಾರೂ ಅವಳನ್ನು ಇಷ್ಟು ಕರೆದು ಕೂರಿಸಿ, ಇಷ್ಟು ಕರುಣೆಯಿಂದ ತಿನ್ನಿಸಿರಲಿಲ್ಲ. ಕರುಣೆಗೆ ಒಂದು ರುಚಿಯಿದೆ, ಅದರಲ್ಲೂ ಉಪ್ಪು ಸೇರಿದ್ದರೆ. ಮನೆಯಲ್ಲಿ ಲಕ್ಷ್ಮಿದೇವಿ ಡಾಕ್ಟರ ಮಾತನ್ನು ದೇವರ ಮಾತಿನಂತೆ ಹಿಡಿದಿದ್ದಳು. ಅತ್ತೆಗೆಂದು ಬೇರೆ ಕುಡಿಕೆಯಲ್ಲಿ ಸಾರು ಮಾಡಿ, ಹುಣಸೆಹುಳಿ ಕೊತ್ತಂಬರಿಯಲ್ಲಿ ಏನಾದರೂ ರುಚಿ ತರಲು ಒದ್ದಾಡುತ್ತಿದ್ದಳು. ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಮಾತ್ರೆ ತೆಗೆದು ಕೈಗೆ ಕೊಟ್ಟು, ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದಳು. ಆ ಸಪ್ಪೆ ಸಾರು ಉಂಡ ನಾಲಿಗೆ ಒಂದು ಸಂಜೆ ಸಣ್ಣತಾಯಮ್ಮನ ಜಗಲಿಯ ಮೇಲೆ ಉಪ್ಪಿನಕಾಯಿಯ ಹೋಳು ಸವಿಯುತ್ತಿರುವಾಗ ಸಣ್ಣತಾಯಮ್ಮ ಕೇಳಿದಳು, ಮನೆಯಲ್ಲಿ ಸೊಸೆ ಉಪ್ಪುಕಾರ ಸರಿಯಾಗಿ ಹಾಕುತ್ತಾಳೋ ಇಲ್ಲವೋ ಎಂದು.

“ಒಂದ್ ಹಳ್ಳು ಉಪ್ಪೂ ಹಾಕಾಕಿಲ್ಲ ಕಣವ್ವ,” ಎಂದಳು ಚಿಕ್ಕಸಿದ್ದಮ್ಮ. ಅದು ನಿಜ. ಹೇಳಿ ಒಂದು ನಿಟ್ಟುಸಿರು ಬಿಟ್ಟಳು. ಅದೂ ನಿಜ, ಉಪ್ಪಿಗಾಗಿ ಬಿಟ್ಟ ನಿಟ್ಟುಸಿರು ಅದು. ಆದರೆ ನಿಟ್ಟುಸಿರಿಗೆ ಯಾವುದಕ್ಕಾಗಿ ಎಂದು ಚೀಟಿ ಅಂಟಿರುವುದಿಲ್ಲವಲ್ಲ. ಮಾತನ್ನು ಸರಿಪಡಿಸೋಣ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು. ಅಷ್ಟರಲ್ಲಿ ತಟ್ಟೆಗೆ ಇನ್ನೊಂದು ಹೋಳು ಬಿತ್ತು.

ಆ ನಿಟ್ಟುಸಿರು ಅವಳಿಗಿಂತ ಚುರುಕಾಗಿ ನಡೆಯಿತು. ಬೀದಿ ದಾಟಿ, ಬಸ್ಸು ಹತ್ತಿ, ಹುಣಸೂರಿಗೆ ಕೊಟ್ಟಿದ್ದ ಮಗಳು ಶಾಂತಲಾಳ ಮನೆ ಸೇರಿತು. ಅಲ್ಲಿಗೆ ಹೋಗುವ ಹೊತ್ತಿಗೆ, ಸೊಸೆ ಮುದುಕಿಗೆ ಉಪ್ಪಿಲ್ಲದ ಮುದ್ದೆ ಹಾಕಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆಯಿಂದ ಆಚೆಗೆ ತಳ್ಳುತ್ತಾಳೆ, ಮುದುಕಿ ಕಂಡವರ ಜಗಲಿಯಲ್ಲಿ ತಿಂದು ಬದುಕಿದ್ದಾಳೆ ಎಂದಾಗಿತ್ತು. ಕೆ.ಆರ್. ನಗರದ ಕಡೆಯಿದ್ದ ಲಕ್ಷ್ಮಿದೇವಿಯ ತವರಿಗೂ ಸುದ್ದಿ ಹೋಯಿತು. ಅವಳ ಅವ್ವ ಫೋನಿನಲ್ಲಿ ಅತ್ತು, ನಿನ್ನನ್ನು ಹೀಗೆ ಬೆಳೆಸಿರಲಿಲ್ಲ ಎಂದಳು. ಲಕ್ಷ್ಮಿದೇವಿ ಫೋನಿಟ್ಟು, ಅತ್ತೆಯ ಕುಡಿಕೆಗೆ ಉಪ್ಪಿಲ್ಲದ ಸಾರು ಮಾಡಿಯೇ ಮಾಡಿದಳು.

ಶಾಂತಲಾ ಖಾಲಿ ಚೀಲ ಹಿಡಿದುಕೊಂಡು ಬಂದಳು, ಅವ್ವನ ಬಟ್ಟೆ ತುಂಬಿಕೊಂಡು ಹೋಗಲು. ಅತ್ತಿಗೆ ನಾದಿನಿಯ ಮಾತು ಬೀದಿಗೆ ಬಂದಾಗ ಬೀದಿಯ ಯಜಮಾನ ನಂಜಣ್ಣನಿಗೆ ಸುಮ್ಮನಿರಲಾಗಲಿಲ್ಲ. ಹೊತ್ತಿರುವಾಗಲೇ ಮಾರಿಗುಡಿಯ ಜಗಲಿಗೆ ಎಲ್ಲರನ್ನೂ ಕರೆಸಿದ. ಜಗಲಿಯ ಮೇಲೆ ಯಜಮಾನರು, ಕೆಳಗೆ ಚಾಪೆಯ ಮೇಲೆ ಚಿಕ್ಕಸಿದ್ದಮ್ಮ, ಕಂಬದ ಹತ್ತಿರ ಲಕ್ಷ್ಮಿದೇವಿ, ಸುತ್ತ ಬೀದಿ.

ಚಿಕ್ಕಸಿದ್ದಮ್ಮನ ಎದೆ ಹೊಡೆದುಕೊಳ್ಳುತ್ತಿತ್ತು. ಹುಣಸೂರಿಗೆ ಹೋದರೆ ಶಿಬಿರ ತಪ್ಪುತ್ತದೆ, ಶಿಬಿರ ತಪ್ಪಿದರೆ ಕಣ್ಣು ಹೋಯಿತು, ಕಿಟಕಿಯ ಜಾಗವೂ ಹೋಯಿತು. ಅವಳು ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ತನ್ನ ಸೊಸೆ ಚಿನ್ನದಂಥವಳು, ಸಂಜೆ ನಡೆಯುವುದು ಬಿಪಿಗಾಗಿ, ನಿಟ್ಟುಸಿರು ಬಿಟ್ಟದ್ದು ಉಪ್ಪಿಗಾಗಿ. ಜನ ಬಹಳ ಮೆಚ್ಚಿಕೊಂಡರು. ಇಂಥ ಅತ್ತೆಯನ್ನು ಗೋಳು ಹುಯ್ದುಕೊಳ್ಳಲು ಅವಳಿಗೆ ಮನಸ್ಸಾದರೂ ಹೇಗೆ ಬಂತು ಎಂದರು.

ವೆಂಕಟೇಶ ಓಡಿಹೋಗಿ ಸಂಘಮಿತ್ರಳನ್ನು ಕರೆತಂದ. ಅವಳು ಸಂಜೆಯ ನಡಿಗೆಯ ಮಾತು ತಾನೇ ಹೇಳಿದ್ದೆಂದು ಸಾಕ್ಷಿ ನುಡಿದಳು. ನಂಜಣ್ಣ ಗಂಭೀರವಾಗಿ ಕೇಳಿಸಿಕೊಂಡು, ಮೂರು ವಾರ ಸಂಜೆ ನಡೆದಿದ್ದಾಳಲ್ಲ, ಹಾಗಾದರೆ ಇಳಿದಿರಬೇಕು, ನಿಮ್ಮ ಮೆಷಿನ್ನೇ ಹೇಳಲಿ ಎಂದ. ಈಗ ಬೇಡ, ಗಾಬರಿಯಲ್ಲಿದ್ದಾರೆ, ನಾಳೆ ನೋಡೋಣ ಎಂದು ಅವಳು ಎಷ್ಟು ಹೇಳಿದರೂ ಬೀದಿ ಬಿಡಲಿಲ್ಲ. ತೋಳಿಗೆ ಪಟ್ಟಿ ಕಟ್ಟಿದಳು. ಮೆಷಿನ್ ಗುಂಯ್‌ಗುಟ್ಟಿತು. ದೇವರ ಅಪ್ಪಣೆ ಕೇಳುವಾಗ ಹೂವು ಬಲಕ್ಕೆ ಬೀಳುತ್ತದೋ ಎಡಕ್ಕೋ ಎಂದು ಕಾಯುವ ಹಾಗೆ ಎಲ್ಲರೂ ಕಾದರು. ಅಂಕಿ ಪಿರಿಯಾಪಟ್ಟಣದಲ್ಲಿ ಬಂದದ್ದಕ್ಕಿಂತ ಮೇಲಿತ್ತು.

“ನೋಡ್ರಪ್ಪ,” ಎಂದ ನಂಜಣ್ಣ. “ಮನ್ಸ ಸುಳ್ಳು ಹೇಳ್ಬೌದು. ರಕ್ತ ಹೇಳಾಕಿಲ್ಲ. ಸಂಕಟ ಯಾರಿಗದೋ ಅವ್ರುದೇ ಏರದು.”

ಸಂಘಮಿತ್ರ, ಅದು ಕಾಫಿ ಮತ್ತು ಉಪ್ಪಿನಕಾಯಿ ಇರಬಹುದು, ಈ ಗಲಾಟೆ ಇರಬಹುದು ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಶಾಂತಲಾ ಚೀಲ ಕೈಗೆತ್ತಿಕೊಂಡು ಅಳಲು ಶುರುಮಾಡಿದಳು. ಸಣ್ಣತಾಯಮ್ಮ ಅವಳಿಗಿಂತ ಮೊದಲೇ ಶುರುಮಾಡಿದ್ದಳು.

ಆಗ ಲಕ್ಷ್ಮಿದೇವಿ ಕಂಬ ಬಿಟ್ಟು ಬಂದು ಸಂಘಮಿತ್ರಳ ಎದುರು ಕೂತಳು. ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿದಳು.

“ನಂಗೂ ಕಟ್ಟಿ ಸಿಸ್ಟರೇ.”

ಸಂಘಮಿತ್ರ ಕಟ್ಟಿದಳು. ಅಂಕಿ ನೋಡಿ ಮತ್ತೆ ಕಟ್ಟಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಹಾಕಿ ಮೂರನೆಯ ಸಲ ನೋಡಿದಳು. ಜನರ ಕಡೆ ತಿರುಗದೆ ತಗ್ಗಿದ ದನಿಯಲ್ಲಿ ಕೇಳಿದಳು.

“ಲಕ್ಷ್ಮಕ್ಕ, ನಿಮಗೆ ತಲೆನೋವು ಬರ್ತಿರ್ಲಿಲ್ವಾ?”

“ಬರದು. ಕೆಲ್ಸ ಅದಲ್ಲ, ಸುಮ್ನೆ ಆಗ್ತಿದ್ದೆ.”

ಎಷ್ಟು ಎಂದು ನಂಜಣ್ಣ ಕೇಳಿದ. ಹೇಳಬೇಕೋ ಬೇಡವೋ ಎಂದು ಸಂಘಮಿತ್ರ ಅನುಮಾನಿಸಿದಳು. ಲಕ್ಷ್ಮಿದೇವಿಯೇ ಹೇಳಿ ಎಂದಳು. ಅತ್ತೆಯದಕ್ಕಿಂತ ಹೆಚ್ಚು, ಸಾಕಷ್ಟು ಹೆಚ್ಚು.

ಸಂಕಟ ಇದ್ದವರದೇ ಏರುವುದು ಎಂಬ ನ್ಯಾಯವನ್ನು ಯಜಮಾನರು ಎಲ್ಲರೆದುರು ಕೊಟ್ಟು ಇನ್ನೂ ಬಾಯಿ ಒಣಗಿರಲಿಲ್ಲ. ಕೊಟ್ಟ ನ್ಯಾಯವನ್ನು ದೇವಿಯ ಬಾಗಿಲಲ್ಲಿ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಜನರ ಕಣ್ಣುಗಳು ಚಾಪೆಯ ಕಡೆ ತಿರುಗಿದವು. ಸಿದ್ದಕ್ಕ ಮೊದಲಿನಿಂದಲೂ ಸ್ವಲ್ಪ ಗಟ್ಟಿಯೇ, ಗ್ರೇಡಿಂಗ್ ಮನೆಯಲ್ಲಿ ಕೇಳಿ ನೋಡಿ ಎಂದು ಹಿಂದಿನಿಂದ ಯಾರೋ ಅಂದರು. ಸಣ್ಣತಾಯಮ್ಮ ಅಳುವನ್ನು ನಿಲ್ಲಿಸಲಿಲ್ಲ, ಯಾರಿಗಾಗಿ ಎಂಬುದನ್ನು ಮಾತ್ರ ಬದಲಾಯಿಸಿಕೊಂಡಳು.

ಚಿಕ್ಕಸಿದ್ದಮ್ಮ ಸೊಸೆಯ ಕಡೆ ನೋಡಿದಳು. ಕಂಡದ್ದು ಒಂದು ಬಿಳಿಯ ಮಂಜು, ಅದರೊಳಗೆ ಸೀರೆಯ ಬಣ್ಣ. ದಿನಾ ಬೆಳಿಗ್ಗೆ ಮಾತ್ರೆ ಹಿಡಿದು ಎದುರಿಗೆ ನಿಲ್ಲುತ್ತಿದ್ದ ಹೆಣ್ಣಿನ ಮುಖ ಹೇಗಿದೆ ಎಂದು ತನಗೆ ಗೊತ್ತಿಲ್ಲ, ಗೊತ್ತಿಲ್ಲದೆ ಎಷ್ಟು ದಿನವಾಯಿತು ಎಂಬುದೂ ಗೊತ್ತಿಲ್ಲ ಎಂದು ಆಗ ಅವಳಿಗೆ ತಿಳಿಯಿತು. ಬಣ್ಣ ತಪ್ಪಿದ್ದು ಎಲೆಯಲ್ಲಿ ಮಾತ್ರ ಎಂದುಕೊಂಡಿದ್ದಳು.

ನಂಜಣ್ಣ ಗಂಟಲು ಸರಿಮಾಡಿಕೊಂಡು ಕೊನೆಯ ಮಾತು ಹೇಳಿದ. ಇಬ್ಬರಿಗೂ ಇರುವುದರಿಂದ ಇಬ್ಬರೂ ಮಾತ್ರೆ ತಗೊಳ್ಳಬೇಕು. ಇಬ್ಬರೂ ಒಟ್ಟಿಗೆ ನಡೆಯಬೇಕು. ಒಬ್ಬಳೇ ಹೊರಟರೆ ತಾನೇ ಜನ ಮಾತಾಡುವುದು. ಶಾಂತಲಾ ಚೀಲದಲ್ಲಿ ಅವ್ವನ ಬಟ್ಟೆಯ ಬದಲು ಲಕ್ಷ್ಮಿದೇವಿ ಕೊಟ್ಟ ಹುರುಳಿಕಾಳು ತುಂಬಿಕೊಂಡು ಹುಣಸೂರಿಗೆ ಹೋದಳು.

ಮರುದಿನದಿಂದ ದೀಪ ಹಚ್ಚಿ, ದೇವರಿಗೆ ಕೈಮುಗಿದು, ಅತ್ತೆ ಸೊಸೆ ಇಬ್ಬರೂ ಹೊರಟರು. ಮೊದಲ ಸಂಜೆ ಜಗಲಿಗಳ ಮೇಲೆ ಯಾರೂ ಏಳಲಿಲ್ಲ. ಅತ್ತೆಯನ್ನು ಕರೆದರೆ ಸೊಸೆಯ ಮುಂದೆ ಏನು ಮಾತಾಡುವುದು, ಸೊಸೆಯನ್ನು ಕರೆದರೆ ಅತ್ತೆಯ ಮುಂದೆ ಏನು ಮಾತಾಡುವುದು? ಮಾತಿಲ್ಲದೆ ಬರಿಯ ಕಾಫಿ ಕೊಡುವ ಪದ್ಧತಿ ಬೀದಿಯಲ್ಲಿರಲಿಲ್ಲ. ಹೀಗೆ ತಡೆಯುವವರಿಲ್ಲದೆ ಇಬ್ಬರೂ ಬೀದಿ ದಾಟಿ, ಬೆಟ್ಟದ ಬುಡದ ತನಕ ಹೋಗಿ, ಅಲ್ಲಿರುವ ದೇವರ ಪಾದಕ್ಕೆ ಕೈಮುಗಿದು ತಿರುಗಿದರು. ಚಿಕ್ಕಸಿದ್ದಮ್ಮ ಸಂಜೆ ಹೊತ್ತು ನಿಜವಾಗಿ ನಡೆದದ್ದು ಅವತ್ತೇ ಮೊದಲು. ಉಸಿರು ಮೇಲೆ ಬಂದಿತ್ತು.

ಸ್ವಲ್ಪ ದೂರ ಬಂದ ಮೇಲೆ ಅವಳು ಮೆಲ್ಲಗೆ, “ಆ ಉಸ್ರು ಉಪ್ಪಿಗೆ ಬುಟ್ಟಿದ್ದು ಕಣವ್ವ,” ಎಂದಳು.

“ಗೊತ್ತು.” ಲಕ್ಷ್ಮಿದೇವಿ ನಾಲ್ಕು ಹೆಜ್ಜೆ ನಡೆದು ಕೇಳಿದಳು, “ಸಣ್ಣತಾಯಮ್ಮಾರ ಮನೆ ಉಪ್ಪಿನಕಾಯಿ ಚೆನ್ನಾಗಿತ್ತಾ ಅತ್ತೆ?”

ಚಿಕ್ಕಸಿದ್ದಮ್ಮ ಸೆರಗನ್ನು ಮುಖದ ಮುಂದಕ್ಕೆ ಎಳೆದುಕೊಂಡಳು. ಕತ್ತಲಾಗುತ್ತಿತ್ತು, ಅದು ಅವಳಿಗೆ ಅನುಕೂಲವಾಯಿತು.

ಊರು ಸುಮ್ಮನೆ ಕೂರಲಿಲ್ಲ. ಅತ್ತೆ ಸೊಸೆ ಇಬ್ಬರೂ ದಿನಾ ಸಂಜೆ ಮನೆ ಬಿಟ್ಟು ಹೊರಡುತ್ತಾರೆಂದರೆ ಮನೆಯೊಳಗೆ ಉಳಿಯುವವನಲ್ಲೇ ಏನೋ ಇರಬೇಕು. ವೆಂಕಟೇಶ ಹನಿ ಮುಟ್ಟದವನು. ಆದರೂ ಟೀ ಅಂಗಡಿಯಲ್ಲಿ ಹಿರಿಯರು ಅವನನ್ನು ಪಕ್ಕಕ್ಕೆ ಕರೆದು, ಕುಡಿತದಿಂದ ಮನೆ ಹಾಳಾಗುತ್ತದೆ ಮಗ ಎಂದು ಬುದ್ಧಿ ಹೇಳತೊಡಗಿದರು. ಅವನೂ ಒಂದು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ತನಗೂ ಒಮ್ಮೆ ಪಟ್ಟಿ ಕಟ್ಟಿ ನೋಡಿ ಎಂದು ಸಂಘಮಿತ್ರಳಿಗೆ ಹೇಳಿ ಬಂದ.

ಶ್ರಾವಣದ ಶಿಬಿರದಲ್ಲಿ ಚಿಕ್ಕಸಿದ್ದಮ್ಮನ ತೋಳಿಗೆ ಪಟ್ಟಿ ಕಟ್ಟಿದ ಹುಡುಗಿ ಅಂಕಿ ನೋಡಿ, ಅಜ್ಜಿ, ಬಸ್ಸು ಹತ್ತಿ ಎಂದಳು. ಹೇಗೆ ಇಳಿಯಿತು ಎಂಬುದಕ್ಕೆ ಊರಿನಲ್ಲಿ ಒಂದೇ ಅಭಿಪ್ರಾಯವಿರಲಿಲ್ಲ. ದಿನಾ ನುಂಗಿದ ಮಾತ್ರೆ, ಜೊತೆಗೆ ಬಾಯಿಕಟ್ಟು ಮತ್ತು ನಡಿಗೆ ಎಂದಳು ಸಂಘಮಿತ್ರ. ಸಂಜೆಯ ಹೊತ್ತಿನ ಮಹಿಮೆ ಎಂದ ವೆಂಕಟೇಶ. ನ್ಯಾಯ ಸರಿಯಾಗಿ ತೀರ್ಮಾನವಾದರೆ ರಕ್ತ ತಾನಾಗಿ ತಣ್ಣಗಾಗುತ್ತದೆ ಎಂದ ನಂಜಣ್ಣ. ಬೆಟ್ಟದ ಮೇಲಿರುವವನು ಇವರಲ್ಲಿ ಯಾರ ಮಾತಿಗೂ ಎದುರಾಡಲಿಲ್ಲ.

ಆಪರೇಷನ್ ಆಯಿತು. ಕಣ್ಣು ಬಂತು. ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದ ಚಿಕ್ಕಸಿದ್ದಮ್ಮ, ಅದರ ಸಂದಿಯಿಂದಲೇ ಹಂಚಿನ ಮೇಲಿನ ಪಾಚಿ, ಹಸುವಿನ ರೆಪ್ಪೆ, ಬೀದಿಯವರ ಹಲ್ಲು ಎಲ್ಲವನ್ನೂ ಹೊಸದಾಗಿ ನೋಡಿದಳು. ದೇವರಾಜುವಿನ ಬ್ಯಾರನ್ನಿನಲ್ಲಿ ಮೊದಲ ಸೊಪ್ಪು ಬೆಂದು ಇಳಿದಿತ್ತು. ಗ್ರೇಡಿಂಗ್ ಮನೆ ಗುಡಿಸಿದ್ದರು. ಡಾಕ್ಟರು ಕೊಟ್ಟು ಕಳಿಸಿದ್ದ ಸೂಚನೆಯನ್ನು ವೆಂಕಟೇಶ ಓದಿ ಹೇಳಿದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೂವರೆ ತಿಂಗಳು ಧೂಳಿಗೂ ಹೊಗೆಗೂ ಹೋಗುವ ಹಾಗಿಲ್ಲ. ಗ್ರೇಡಿಂಗ್ ಮನೆಯೆಂದರೆ ಧೂಳು. ಸೊಪ್ಪು ಒದರಿದರೆ ಬೆಳಕೇ ಕಂದು ಬಣ್ಣಕ್ಕೆ ತಿರುಗುವ ಜಾಗ. ಎಲೆಯ ಬಣ್ಣ ನೋಡಲೆಂದು ಪಡೆದ ಕಣ್ಣು, ಎಲೆಯಿರುವ ಮನೆಗೆ ಹೋಗದೆ ಕಾಪಾಡಬೇಕಾದ ಕಣ್ಣಾಯಿತು.

ಕಿಟಕಿಯ ಜಾಗ ಅಷ್ಟು ದಿನ ಖಾಲಿ ಇಡುವುದಕ್ಕಾಗುವುದಿಲ್ಲ ಎಂದು ದೇವರಾಜು ಹೇಳಿಕಳಿಸಿದ. ಚಿಕ್ಕಸಿದ್ದಮ್ಮ ಒಂದು ಹೊತ್ತು ಊಟ ಬಿಟ್ಟು ಯೋಚಿಸಿ, ಮರುದಿನ ಬೆಳಿಗ್ಗೆ ಲಕ್ಷ್ಮಿದೇವಿಯನ್ನು ಕಳಿಸಿದಳು. ತನಗೆ ಬರುವುದಿಲ್ಲ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಕೂತು ನೋಡು, ಕಣ್ಣು ತಾನಾಗಿ ಕಲಿಯುತ್ತದೆ ಎಂದಳು.

ಕಳಿಸಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ಗ್ರೇಡಿಂಗ್ ಮನೆಯ ಹೊರಗೆ, ಗಾಳಿ ಆ ಕಡೆ ಬೀಸುವ ಹಾಗೆ ನೋಡಿಕೊಂಡು, ಹೊಂಗೆ ಮರದ ಕೆಳಗೆ ಬಂದು ನಿಂತಳು. ಲಕ್ಷ್ಮಿದೇವಿ ಒಂದು ಎಲೆ ಹಿಡಿದುಕೊಂಡು ಹೊರಗೆ ಬಂದಳು. ಇದು ನಿಂಬೆಯೋ ಕಿತ್ತಳೆಯೋ ಎಂದು ಬೆಳಿಗ್ಗೆಯಿಂದ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಕಪ್ಪು ಕನ್ನಡಕದಲ್ಲಿ ಲೋಕದ ಎಲೆಗಳೆಲ್ಲ ಒಂದೇ ಬಣ್ಣ. ಚಿಕ್ಕಸಿದ್ದಮ್ಮ ಕನ್ನಡಕ ತೆಗೆಯಲು ಕೈ ಎತ್ತಿದಳು.

“ತೆಗೀಬೇಡಿ ಅತ್ತೆ.”

“ತೆಗೀದೆ ಹೆಂಗೆ ಹೇಳ್ಲಿ?”

ತೆಗೆದೇ ಬಿಟ್ಟಳು. ಎದುರಿಗೆ ಎಲೆಗಿಂತ ಮೊದಲು ಸೊಸೆಯ ಮುಖ ಬಂತು. ಕಣ್ಣಿನ ಕೆಳಗೆ ಊದಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮದುವೆಯ ದಿನ ನೋಡಿದ್ದ ಹುಡುಗಿ ಎಲ್ಲಿ ಎಂದು ಹುಡುಕುವ ಹಾಗೆ ಅವಳು ಬಹಳ ಹೊತ್ತು ನೋಡಿದಳು. ಲಕ್ಷ್ಮಿದೇವಿ ನಾಚಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಇವತ್ತು ಮಾತ್ರೆ ನುಂಗಿದ್ಯಾ?”

ಲಕ್ಷ್ಮಿದೇವಿ ಎಲೆಯನ್ನು ಅತ್ತೆಯ ಕೈಗಿಟ್ಟಳು. ಬೆಳಿಗ್ಗೆ ಅತ್ತೆಗೆ ಮಾತ್ರೆ ಕೊಟ್ಟು, ತನ್ನದನ್ನು ಆಮೇಲೆ ಎಂದು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು.

“ಓಗು. ನುಂಗ್ಬುಟ್ಟು ಬಾ. ಆಮೇಲೆ ಎಲೆ.”

ಅವಳು ಹೋಗಿ, ನೀರಿನ ಕ್ಯಾನಿನ ಹತ್ತಿರ ನಿಂತು, ಅತ್ತೆಗೆ ಕಾಣುವ ಹಾಗೆ ಕತ್ತೆತ್ತಿ ನುಂಗಿ ಬಂದಳು. ಅಷ್ಟರಲ್ಲಿ ಚಿಕ್ಕಸಿದ್ದಮ್ಮ ಎಲೆಯನ್ನು ನೋಡಿ ಮುಗಿಸಿದ್ದಳು. ಕನ್ನಡಕ ಮತ್ತೆ ಮೂಗಿನ ಮೇಲಿತ್ತು. ಗಲ್ಲ ಅಭ್ಯಾಸಬಲದಿಂದ ತುಸು ಎದ್ದಿತು. ಅವಳು ಅದನ್ನು ಇಳಿಸಿಕೊಂಡಳು.

“ಏನು ಅತ್ತೆ?”

“ನೀನೇ ಹೇಳು,” ಎಂದು ಎಲೆಯನ್ನು ಹಿಂದಕ್ಕೆ ಕೊಟ್ಟಳು.

“ಕಿತ್ತಳೆ?”

“ನೆಳ್ಳಲ್ಲಿ ನಿಂತ್ಕೊಂಡು ಹೇಳ್ಬೇಡ. ಇತ್ಲಾಗ್ ಬಾ, ಇನ್ನೊಂದ್ ಸಲ ನೋಡು.”

ಲಕ್ಷ್ಮಿದೇವಿ ಮರದ ನೆರಳಿನಿಂದ ಈಚೆಗೆ ಬಂದು ಎಲೆಯನ್ನು ಎರಡು ಕೈಯಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದಳು.